ಗ್ಯಾರೇಜಿನ ನೆಲದ ಮೇಲೆ ಮಲಗಿ ಹೆಡರ್ ಹಾಕಿದ್ದು

ನನ್ನ ಹತ್ತಿರ ಇರುವುದು 2002ರ ಷೆವ್ರೊಲೆ ಕಾರ್ವೆಟ್, ಸಿ5 ತಲೆಮಾರಿನದು. ಎಲ್‌ಎಸ್1 ಇಂಜಿನ್, 5.7 ಲೀಟರ್ ವಿ8 (ಎರಡೂ ಬದಿಗೆ ನಾಲ್ಕು ನಾಲ್ಕು ಸಿಲಿಂಡರ್), ಆರು ಗೇರಿನ ಮ್ಯಾನುಯಲ್. ಕಂಪನಿ ಲೆಕ್ಕದಲ್ಲಿ 350 ಎಚ್‌ಪಿ. ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕಂಪನಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದು, ಅದರ ಜಾಗಕ್ಕೆ ಲಾಂಗ್ ಟ್ಯೂಬ್ ಹೆಡರ್, ಅಂದರೆ ಉದ್ದ ಪೈಪುಗಳ ಗೊಂಚಲು, ಹಾಕಿದ ಕಥೆ ಇದು. ಇಲ್ಲಿ ಮಿಷಿಗನ್‌ನಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ತಿಂಗಳುಗಳೆಲ್ಲ ಈ ಕಾರು ಮುಸುಕು ಹೊದ್ದು ಗ್ಯಾರೇಜಿನಲ್ಲೇ ಇರುತ್ತದೆ. ಹಾಗಾಗಿ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿಲ್ಲ. ಉಪ್ಪು ತಿಂದ ಕಾರಾಗಿದ್ದರೆ ಈ ಕೆಲಸಕ್ಕೆ ನಾನು ಕೈಯನ್ನೇ ಹಾಕುತ್ತಿರಲಿಲ್ಲ. ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನೊಳಗೆ (ಸಿಲಿಂಡರುಗಳ ಮೇಲಿನ ಮುಚ್ಚಳ) ಬೋಲ್ಟ್ ಮುರಿದು ಕೂತರೆ ಅದನ್ನು ಡ್ರಿಲ್ ಹಾಕಿ ತೆಗೆಯುವ ಪಾಡು ಯಾರಿಗೂ ಬೇಡ.

ಲಾಂಗ್ ಟ್ಯೂಬೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕಂಪನಿ ಕೊಟ್ಟ ಮ್ಯಾನಿಫೋಲ್ಡ್‌ನಲ್ಲಿ ನಾಲ್ಕು ಸಿಲಿಂಡರಿನ ಹೊಗೆ ಹೊರಬಂದ ತಕ್ಷಣ ಒಂದೇ ಇಕ್ಕಟ್ಟು ಜಾಗದಲ್ಲಿ ಸೇರುತ್ತದೆ. ಹೆಡರ್‌ನಲ್ಲಿ ಒಂದೊಂದು ಸಿಲಿಂಡರಿಗೆ ಒಂದೊಂದು ಉದ್ದನೆಯ ಪೈಪ್. ನಾಲ್ಕೂ ಕೆಳಗೆ ದೂರದಲ್ಲಿ ಕಲೆಕ್ಟರ್ ಹತ್ತಿರ ಸೇರುತ್ತವೆ. ವಾಲ್ವ್ ತೆರೆದಾಗ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡುತ್ತದೆ. ಪೈಪ್ ಮುಗಿದು ಅಗಲವಾದ ಕಲೆಕ್ಟರ್ ಸಿಕ್ಕ ಕೂಡಲೇ ಅಲ್ಲಿಂದ ಹೀರುವ ಅಲೆ ವಾಪಸ್ ಬರುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮುಂಚೆ ಅದು ಬಂದು ತಲುಪಿದರೆ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ, ಹೊಸ ಗಾಳಿ ಒಳಗೆ ಬರಲೂ ದಾರಿ ಮಾಡುತ್ತದೆ. ಪೈಪ್ ಉದ್ದವಾದಷ್ಟೂ ಅಲೆ ಹೋಗಿ ಬರಲು ಹೊತ್ತು ಜಾಸ್ತಿ. ಅದಕ್ಕೇ ಉದ್ದ ಪೈಪಿನ ಲಾಭ ಸಿಗುವುದು ಮಧ್ಯದ ಆರ್‌ಪಿಎಮ್‌ನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ). ದಿನಾ ಕಾಲಿಟ್ಟು ಓಡಿಸುವುದೂ ಅಲ್ಲೇ ಅಲ್ವಾ? ಗಿಡ್ಡ ಹೆಡರ್ ನೋಡಲು ಚೆಂದ, ಆದರೆ ನನ್ನ ಪ್ರಕಾರ ಖರ್ಚಿಗೆ ತಕ್ಕ ಫಲ ಇಲ್ಲ.

ನಾನು ತರಿಸಿದ್ದು 304 ಸ್ಟೇನ್‌ಲೆಸ್ ಸ್ಟೀಲಿನದು. ಪೈಪ್ ಒಂದೂಮುಕ್ಕಾಲು ಇಂಚು, ಕಲೆಕ್ಟರ್ ಮೂರು ಇಂಚು. ಇನ್ನೂ ದಪ್ಪ ಪೈಪ್ ಹಾಕಿಸು ಎಂದು ಹೇಳಿದವರಿದ್ದರು. ವಾಲ್ವ್ ತೆರೆಯುವ ಕ್ಯಾಮ್ ಬದಲಾಯಿಸದ ಇಂಜಿನ್ನಿಗೆ ಇಷ್ಟೇ ಸಾಕು.

ಕಾನೂನಿನ ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಮೆರಿಕದ ಕ್ಲೀನ್ ಏರ್ ಕಾಯ್ದೆ ಪ್ರಕಾರ ರಸ್ತೆಯ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಸಾಧನ, ಚಿಕ್ಕದಾಗಿ ಕ್ಯಾಟ್) ಕಿತ್ತು ಹಾಕುವಂತಿಲ್ಲ. ಮಿಷಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ ನಿಜ, ಆದರೆ ಕಾಯ್ದೆ ಇದ್ದೇ ಇದೆ. ಲಾಂಗ್ ಟ್ಯೂಬ್ ಹಾಕಿದರೆ ಕ್ಯಾಟ್ ಹಳೆಯ ಜಾಗದಲ್ಲಿ ಕೂರುವುದಿಲ್ಲ, ಹಿಂದಕ್ಕೆ ಸರಿಯಲೇಬೇಕು. ಅದಕ್ಕೇ ಹೆಚ್ಚಿನ ಹೆಡರ್ ಡಬ್ಬಗಳ ಮೇಲೆ ರೇಸ್ ಟ್ರ್ಯಾಕಿಗೆ ಮಾತ್ರ ಎಂದು ಬರೆದಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಇ.ಒ. ನಂಬರ್ (ಆ ರಾಜ್ಯದ ಅನುಮತಿ ಸಂಖ್ಯೆ) ಇಲ್ಲದ ಹೆಡರ್ ಹಾಕಿದ ಕಾರು ಸ್ಮಾಗ್ ಟೆಸ್ಟ್, ಅಂದರೆ ಹೊಗೆ ತಪಾಸಣೆ, ದಾಟುವುದಿಲ್ಲ. ನನ್ನದು ಟ್ರ್ಯಾಕ್ ದಿನಗಳಿಗೆ ಇಟ್ಟುಕೊಂಡ ಕಾರು, ಆದರೂ ಹೈ ಫ್ಲೋ ಕ್ಯಾಟ್ (ಹೊಗೆಗೆ ಅಡ್ಡಿ ಕಡಿಮೆ ಮಾಡುವಂಥದ್ದು) ಇರುವ ಎಕ್ಸ್ ಪೈಪನ್ನೇ, ಅಂದರೆ ಎರಡೂ ಕಡೆಯ ಪೈಪುಗಳನ್ನು ಕೂಡಿಸುವ ತುಂಡನ್ನೇ, ಹಾಕಿದೆ. ಕ್ಯಾಟ್ ಇಲ್ಲದ ವಿ8 ಹಿಂದೆ ನಿಂತರೆ ಕಣ್ಣು ಉರಿಯುತ್ತದೆ. ಇನ್ನು ಊರಿನಿಂದ ಫೋನ್ ಮಾಡಿ ಕೇಳುವ ಹುಡುಗರಿಗೆ ಹೇಳುವುದು ಇಷ್ಟೇ: ವಾಹನದಲ್ಲಿ ಬದಲಾವಣೆ ಮಾಡುವ ಬಗ್ಗೆ ಇರುವ ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಿ.

ಕೆಲಸಕ್ಕೆ ಜೊತೆಯಾದವನು ಹೆಂಡತಿಯ ತಮ್ಮ. ಇವನಿಗೆ ಕಾರಿನ ಹುಚ್ಚು ನನಗಿಂತ ಜಾಸ್ತಿ, ಕೈಯೂ ಸಣ್ಣದು. ಈ ಕೆಲಸದಲ್ಲಿ ಸಣ್ಣ ಕೈ ದೊಡ್ಡ ಆಸ್ತಿ.

ಸಿ5 ನೆಲಕ್ಕೆ ಅಂಟಿಕೊಂಡ ಹಾಗೆ ಇರುವ ಕಾರು, ಜಾಕ್ ಸುಮ್ನೆ ಒಳಗೆ ಹೋಗುವುದಿಲ್ಲ. ಮೊದಲು ದಪ್ಪ ಹಲಗೆಗಳ ಮೇಲೆ ಹತ್ತಿಸಿದೆವು. ಬಾಡಿ ಫೈಬರ್‌ನದು, ಆದ್ದರಿಂದ ಫ್ರೇಮಿನಲ್ಲಿ ಜಾಕ್‌ಗೆಂದೇ ಬಿಟ್ಟಿರುವ ರಂಧ್ರಗಳಿಗೆ ರಬ್ಬರ್ ಪಕ್ (ದಪ್ಪ ಬಿಲ್ಲೆ) ಸಿಕ್ಕಿಸಿ ಅದರ ಮೇಲೇ ಭಾರ ಹಾಕಬೇಕು. ನಾಲ್ಕು ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು, ಕಾರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ ಮೇಲೇ ಕೆಳಗೆ ನುಗ್ಗಿದ್ದು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ. ಹೆಡರ್ ಕೆಳಗಿನಿಂದ ಬರುವುದರಿಂದ ಎಷ್ಟು ಎತ್ತರಿಸಿದರೆ ಅಷ್ಟು ಒಳ್ಳೆಯದು.

ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟೆವು. ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುವುದು ಖಂಡಿತ. ಪೈಪ್ ಕೂಡುವ ಕಡೆಯ ಫ್ಲಾಂಜ್ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ (ನಟ್ಟು ಸಡಿಲಿಸುವ ಎಣ್ಣೆ) ಹೊಡೆದಿಟ್ಟಿದ್ದೆ, ಸಲೀಸಾಗಿ ಬಂದವು. ಆಮೇಲೆ ಪ್ಲಗ್ ವೈರ್, ಪ್ಲಗ್, ಆಕ್ಸಿಜನ್ ಸೆನ್ಸರ್, ಏರ್ ಇಂಜೆಕ್ಷನ್ ಪೈಪ್, ಕೊನೆಗೆ ಮ್ಯಾನಿಫೋಲ್ಡ್. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬೋಲ್ಟ್ ಕಿರ್ ಎಂದು ಸದ್ದು ಮಾಡಿದರೆ ಅರ್ಧ ಸುತ್ತು ಹಿಂದಕ್ಕೆ ಬಿಗಿದು ಮತ್ತೆ ಬಿಚ್ಚಬೇಕು. ಇಲ್ಲಿ ತೋಳ್ಬಲ ತೋರಿಸಿದರೆ ಕೆಲಸ ಕೆಟ್ಟಂತೆಯೇ.

ನಾಲ್ಕು ಪೈಪಿನ ಆ ಗೊಂಚಲನ್ನು ಕೆಳಗಿನಿಂದ ಮೇಲೆ ಕಳಿಸುವುದು ಬಾಳೆಗೊನೆಯನ್ನು ಬಸ್ಸಿನ ಕಿಟಕಿಯಿಂದ ಒಳಗೆ ತೂರಿಸಿದ ಹಾಗೆ. ಬಲಗಡೆ ಸ್ಟಾರ್ಟರ್ ಬಿಚ್ಚಿದ ಮೇಲೆ ಜಾಗ ಆಯಿತು. ಎಡಗಡೆಯದೇ ತಲೆನೋವು. ಇಲ್ಲಿ ಸ್ಟೀರಿಂಗ್ ಎಡಕ್ಕೆ, ಅದರ ಶಾಫ್ಟ್ ದಾರಿಗೆ ಅಡ್ಡ. ನಾನು ಕೆಳಗೆ ಅಂಗಾತ ಮಲಗಿ ಎದೆಯ ಮೇಲೆ ಹೆಡರ್ ಇಟ್ಟುಕೊಂಡು ತಳ್ಳುವುದು, ಅವನು ಮೇಲಿಂದ ಬಗ್ಗಿ ಟಾರ್ಚ್ ಬಿಡುವುದು. "ಭಾವ, ಕಲೆಕ್ಟರ್ ಹಿಂದಕ್ಕೆ ತಗೊಳ್ಳಿ. ಈಗ ಒಂಚೂರು ಹೊರಳಿಸಿ. ಅಷ್ಟೇ, ಸಾಕು, ನಿಲ್ಲಿಸಿ!" ಹಾಗೆ ಹೊರಳಿಸುತ್ತಿದ್ದಾಗ ಒಂದು ಕೋನದಲ್ಲಿ ಏನೂ ತಗಲದೆ ಸರಕ್ಕನೆ ಮೇಲೆ ಹೋಯಿತು. ಆ ಕೋನ ಯಾವುದು ಅಂತ ಬರೆದು ಹೇಳಲು ಆಗುವುದಿಲ್ಲ, ಕೈಗೇ ಸಿಗಬೇಕು. ಕೆಲವು ಹೆಡರ್‌ಗಳಿಗೆ ಸ್ಟೀರಿಂಗ್ ಶಾಫ್ಟನ್ನೇ ಬಿಚ್ಚಬೇಕಾಗುತ್ತದೆ. ಬಿಚ್ಚಿದರೆ ಸ್ಟೀರಿಂಗ್ ಚಕ್ರ ತಿರುಗದಂತೆ ಸೀಟ್ ಬೆಲ್ಟಿನಲ್ಲಿ ಕಟ್ಟಿಡಿ. ಅದು ಸುಮ್ನೆ ಗಿರಗಿರ ತಿರುಗಿದರೆ ಒಳಗಿರುವ ಏರ್‌ಬ್ಯಾಗಿನ ಸುರುಳಿ ವೈರ್ ಕಿತ್ತು ಹೋಗುತ್ತದೆ.

ಗ್ಯಾಸ್ಕೆಟ್ (ಹೆಡ್ಡು, ಹೆಡರ್ ನಡುವಿನ ಸಂದು ಮುಚ್ಚುವ ಹಾಳೆ) ವಿಷಯದಲ್ಲಿ ನಾನು ಹಟಮಾರಿ. ಹೆಡರ್ ಜೊತೆ ಬಂದ ಕಾಗದದಂಥದ್ದನ್ನು ಪಕ್ಕಕ್ಕಿಟ್ಟು ಷೆವ್ರೊಲೆಯ ಒಡೆಯ ಜಿಎಮ್ ಕಂಪನಿಯದೇ ಪದರ ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಿದೆ. ಎಲ್ಲಾ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ಎರಡು ಮೂರು ಸುತ್ತು ಹತ್ತಿಸಿ, ಆಮೇಲೆ ಮಧ್ಯದಿಂದ ಶುರು ಮಾಡಿ ಎರಡೂ ತುದಿಯ ಕಡೆಗೆ ಬಿಗಿಯಬೇಕು. ಮೊದಲ ಸುತ್ತು 15 ನ್ಯೂಟನ್ ಮೀಟರ್, ಎರಡನೇ ಸುತ್ತು 25. ಅಲ್ಯೂಮಿನಿಯಂಗೆ ಇದಕ್ಕಿಂತ ಜಾಸ್ತಿ ಬೇಡ. ಪ್ಲಗ್‌ಗಳಿಗೂ 15 ಸಾಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಹೋಗದ ಬೋಲ್ಟ್ ಒಂದೆರಡು ಇದ್ದೇ ಇರುತ್ತವೆ. ಅಲ್ಲಿ ಚಿಕ್ಕ ಸ್ಪ್ಯಾನರ್ ಹಿಡಿದು, ಪಕ್ಕದ ಬೋಲ್ಟ್ ಎಷ್ಟು ಬಿಗಿಯಿದೆ ಅನ್ನುವುದನ್ನು ಕೈಯಲ್ಲಿ ನೆನಪಿಟ್ಟುಕೊಂಡು ಬಿಗಿಯಬೇಕು.

ಈ ಬೋಲ್ಟ್ ಕೆಲಸಕ್ಕಿಂತ ವೈರುಗಳಿಗೆ ನಾನು ಹೆಚ್ಚು ಹೊತ್ತು ಕೊಟ್ಟೆ. ಮ್ಯಾನಿಫೋಲ್ಡಿಗಿಂತ ಹೆಡರ್ ತೆಳು ಲೋಹ, ಸುತ್ತಲಿನ ಜಾಗವೆಲ್ಲ ಕಾಯುತ್ತದೆ. ಎಲ್‌ಎಸ್1 ಪ್ಲಗ್ ವೈರುಗಳು ಗಿಡ್ಡ, ಅವುಗಳ ತುದಿಯ ಟೊಪ್ಪಿಗಳು (ಬೂಟು) ಪೈಪಿಗೆ ಹತ್ತಿರವೇ ಕೂರುತ್ತವೆ. ಒಂದೊಂದಕ್ಕೂ ಬಿಸಿ ತಡೆಯುವ ಕವಚ ತೊಡಿಸಿದೆ. ಮುಂದಿನ ಆಕ್ಸಿಜನ್ ಸೆನ್ಸರ್‌ಗಳ ಜಾಗ ಕಲೆಕ್ಟರ್ ಕಡೆಗೆ ಸರಿಯುವುದರಿಂದ ಎಕ್ಸ್‌ಟೆನ್ಶನ್ ವೈರ್ ಬೇಕು. ಅದು ಜೋತು ಬಿದ್ದು ಪೈಪಿಗೆ ತಾಗಿದರೆ ಪ್ಲಾಸ್ಟಿಕ್ ಕರಗಿ ಸೆನ್ಸರ್ ಸತ್ತಂತೆಯೇ. ಬಲಗಡೆ ಸ್ಟಾರ್ಟರ್ ಹಿಂದೆ ಇಂಜಿನ್ ಸುತ್ತುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಇದೆ, ಅದರ ವೈರ್ ಮೇಲೂ ಕಣ್ಣಿಡಿ. ಅದು ಸುಟ್ಟರೆ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಸ್ಟೀರಿಂಗ್ ಶಾಫ್ಟ್ ಮತ್ತು ಪೈಪಿನ ನಡುವೆ ಬೆರಳು ತೂರುವಷ್ಟಾದರೂ ಸಂದು ಇರಲಿ. ಬಿಸಿಯಾದಾಗ ಸ್ಟೇನ್‌ಲೆಸ್ ಹಿಗ್ಗುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನೂ ವಾಲುತ್ತದೆ.

ಸ್ಟಾರ್ಟ್ ಮಾಡುವ ಮುಂಚೆಯೇ ಲೀಕ್ ನೋಡಿದ್ದು ಹೀಗೆ. ಗ್ಯಾರೇಜಿನ ವ್ಯಾಕ್ಯೂಮ್ ಕ್ಲೀನರನ್ನು ಗಾಳಿ ಊದುವ ಕಡೆಗೆ ಹಾಕಿ ಹಿಂದಿನ ಪೈಪಿಗೆ ಹಿಡಿದೆ, ಉಳಿದ ಬಾಯಿಗಳಿಗೆ ಬಟ್ಟೆ ತುರುಕಿದೆ. ಭಾವಮೈದ ಸೋಪಿನ ನೀರನ್ನು ಒಂದೊಂದು ಜಾಯಿಂಟಿಗೂ ಚಿಮುಕಿಸುತ್ತಾ ಬಂದ. ಎಡಗಡೆ ಕಲೆಕ್ಟರ್ ಜಾಯಿಂಟಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಕ್ಲ್ಯಾಂಪ್ ಸಡಿಲಿಸಿ ಪೈಪ್ ನೇರ ಮಾಡಿ ಬಿಗಿದ ಮೇಲೆ ಲೀಕ್ ನಿಂತಿತು. ಇಂಥ ಸಣ್ಣ ಲೀಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಬಹುದು. ಸೆನ್ಸರ್‌ಗಿಂತ ಮುಂಚೆ ಲೀಕ್ ಇದ್ದರೆ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಹೊಗೆಯ ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಆ ಆಕ್ಸಿಜನ್ ನೋಡಿ ಪೆಟ್ರೋಲ್ ಕಡಿಮೆಯಾಗಿದೆ ಎಂದು ವರದಿ ಕೊಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರಿನಲ್ಲಿ ಒಂದೇ ಕಡೆಯ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಲೆಕ್ಕ) ಏರುತ್ತಾ ಹೋದರೆ, ಅಥವಾ ಪೆಟ್ರೋಲ್ ಕಡಿಮೆ ಎನ್ನುವ ಪಿ0171, ಪಿ0174 ಕೋಡ್ ಬಂದರೆ ಮೊದಲು ಹೆಡರ್ ಜಾಯಿಂಟ್ ನೋಡಿ. ತಣ್ಣಗಿದ್ದಾಗ ಟಿಕ್ ಟಿಕ್ ಎಂದು, ಬಿಸಿಯಾದಂತೆ ಸುಮ್ಮನಾಗುವ ಸದ್ದೂ ಇದರದೇ.

ಪೈಪಿನ ಮೇಲಿನ ಬೆರಳಚ್ಚು, ಎಣ್ಣೆ ಎಲ್ಲವನ್ನೂ ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಕೀ ತಿರುಗಿಸಿದೆ. ಬ್ರೇಕ್ ಕ್ಲೀನರ್ ಮಾತ್ರ ಬಳಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬಿಸಿ ಲೋಹದ ಮೇಲೆ ವಿಷದ ಗಾಳಿಯಾಗುತ್ತದೆ. ಮೊದಲ ಬಿಸಿಗೆ ಸ್ವಲ್ಪ ಹೊಗೆ ಬರುವುದು ಸಹಜ, ಗ್ಯಾರೇಜ್ ಬಾಗಿಲು ತೆರೆದಿರಲಿ. ಪೈಪು ಹೆಡ್ಡಿನ ಹತ್ತಿರ ಮೊದಲು ಒಣಗಿದ ಜೋಳದ ದಂಟಿನ ಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗಿತು.

ಸದ್ದಿನ ಬಗ್ಗೆ ಒಂದು ಮಾತು. ಈ ಇಂಜಿನ್ನಿನ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಕ್ರಮ 1-8-7-2-6-5-4-3. ಬೆಸ ಸಂಖ್ಯೆಗಳು ಎಡಗಡೆ, ಸಮ ಸಂಖ್ಯೆಗಳು ಬಲಗಡೆ. ಅಂದರೆ ಬಲಗಡೆ 2 ಮತ್ತು 6 ಒಂದರ ಹಿಂದೆ ಒಂದು ಬರುತ್ತವೆ, ಎಡಗಡೆ 3 ಮತ್ತು 1. ಆ ಏರುಪೇರೇ ಅಮೆರಿಕನ್ ವಿ8ರ ಗುಡುಗುಡು. ಲಾಂಗ್ ಟ್ಯೂಬ್ ಅದನ್ನು ಮುಚ್ಚದೆ ಬಿಚ್ಚಿ ಕೇಳಿಸುತ್ತದೆ. ಬೆಳಗ್ಗೆ ಆರಕ್ಕೆ ಸ್ಟಾರ್ಟ್ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಇಂಜಿನ್ ಕಂಪ್ಯೂಟರನ್ನು ಹೆಡರಿಗೆ ತಕ್ಕಂತೆ ಟ್ಯೂನ್ ಮಾಡಿಸದೆಯೂ ಕಾರು ಓಡುತ್ತದೆ, ಆದರೆ ಪೂರ್ತಿ ಫಲ ಬೇಕಿದ್ದರೆ ಮಾಡಿಸಲೇಬೇಕು. ನನ್ನ ಕಾರಿನಲ್ಲಿ ಗೊತ್ತಾಗುವುದು ಮೂರನೇ ಗೇರಿನಲ್ಲಿ, 3,000 ಆರ್‌ಪಿಎಮ್ ದಾಟಿದ ಮೇಲೆ. ಹೈ ಫ್ಲೋ ಕ್ಯಾಟ್‌ಗಳಿಗೆ, ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420, ಪಿ0430 ಕೋಡ್ ಬರುವುದುಂಟು. ಅದನ್ನು ಆಫ್ ಮಾಡಿ ಕೊಡುತ್ತೇವೆ ಎನ್ನುವ ಟ್ಯೂನರ್‌ಗಳು ಸಿಗುತ್ತಾರೆ, ಅದೂ ಆ ಕ್ಲೀನ್ ಏರ್ ಕಾಯ್ದೆಗೆ ವಿರುದ್ಧ. ಕೆಲವು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟುಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿದೆ, ಹಿಂದಿನ ಒಂದೆರಡು ಸ್ವಲ್ಪ ತಿರುಗಿದವು. ಸಿ5ರಲ್ಲಿ ಮೊದಲೇ ಸೀಟುಗಳ ನಡುವಿನ ಟನಲ್ ಬಿಸಿಯಾಗುವ ಚಾಳಿ ಇದೆ, ಈಗ ಜುಲೈ ಬಿಸಿಲಲ್ಲಿ ಗೇರ್ ಹಿಡಿಯುವ ಮೊಣಕೈಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಈ ಚಳಿಗಾಲಕ್ಕೆ ಟನಲ್ ಪ್ಲೇಟ್ ಬಿಚ್ಚಿ ಒಳಗೆ ಬಿಸಿ ತಡೆಯುವ ಹಾಸು ಅಂಟಿಸಬೇಕು. ಭಾವಮೈದನಿಗೆ ಈಗಲೇ ಹೇಳಿಟ್ಟಿದ್ದೇನೆ.