ಪೀಕ್ ಬರ್ಲಿಲ್ವಾ? ಮೊದ್ಲು ಎಲೆಕ್ಟ್ರೋಡ್ ಉಜ್ಜಿ

ಚಿಕ್ಕಮಗಳೂರಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಅಂದ್ರೆ ಹುಡುಗ್ರು ಕಾಫಿಪುಡಿ ಹಿಡ್ಕೊಂಡೇ ಬರ್ತಾರೆ, ವೋಲ್ಟಾಮೆಟ್ರಿಯಲ್ಲಿ, ಅಂದ್ರೆ ದ್ರಾವಣದಲ್ಲಿಟ್ಟ ಎಲೆಕ್ಟ್ರೋಡ್ ವೋಲ್ಟೇಜ್ ಬದಲಾಯಿಸ್ತಾ ಹರಿಯೋ ಕರೆಂಟ್ ಅಳೆದು, ಕೆಫೀನ್ ಎಷ್ಟಿದೆ ನೋಡ್ಬೇಕು ಅಂತ. ಒಳ್ಳೇ ಕೆಲ್ಸ, ಚಿಕೋರಿಯಲ್ಲಿ ಕೆಫೀನ್ ಇರಲ್ಲ, ಅದನ್ನ ಜಾಸ್ತಿ ಬೆರೆಸಿದಷ್ಟೂ ಗ್ರಾಫ್ ಮೇಲಿನ ಪೀಕ್ (ಕರೆಂಟ್ ಏರಿ ಇಳಿಯೋ ಉಬ್ಬು) ಕುಗ್ಗೋದು ಕಣ್ಣಿಗೇ ಕಾಣುತ್ತೆ. ಆದ್ರೆ ಪೀಕೇ ಬರ್ಲಿಲ್ಲ ಅಂತ ಬಂದಾಗೆಲ್ಲ ನಾನು ಮೊದ್ಲು ಎಲೆಕ್ಟ್ರೋಡ್ ತಿರುಗಿಸಿ ನೋಡ್ತೀನಿ, ಸಾಮಾನ್ಯವಾಗಿ ತಪ್ಪು ಅಲ್ಲೇ ಇರುತ್ತೆ.

ಮೂರು ಎಲೆಕ್ಟ್ರೋಡ್‌ನ ಸೆಲ್ ಜೋಡಿಸೋದು ಸುಲಭ: ಅಳತೆ ನಡೆಯೋ ವರ್ಕಿಂಗ್‌ಗೆ ಗ್ಲಾಸಿ ಕಾರ್ಬನ್, ವೋಲ್ಟೇಜ್ ಹೋಲಿಸೋ ರೆಫರೆನ್ಸ್‌ಗೆ ಸಿಲ್ವರ್-ಸಿಲ್ವರ್ ಕ್ಲೋರೈಡ್, ಕರೆಂಟ್ ಸರ್ಕ್ಯೂಟ್ ಪೂರ್ತಿ ಮಾಡೋ ಕೌಂಟರ್‌ಗೆ ಪ್ಲಾಟಿನಂ ತಂತಿ.

ಈಗ ಆ ಕಾರ್ಬನ್ ಎಲೆಕ್ಟ್ರೋಡ್ ಉಜ್ಜೋದು. 1922ರಲ್ಲಿ ಚೆಕ್ ರಸಾಯನ ವಿಜ್ಞಾನಿ ಹೆಯ್ರೋವ್ಸ್ಕಿ ಇಂಥದ್ದೇ ಅಳತೆಗೆ ಎಲೆಕ್ಟ್ರೋಡ್ ಆಗಿ ಪಾದರಸದ ಹನಿ ಬಳಸಿದ್ರು, ಪ್ರತಿ ಹನಿಗೂ ಹೊಸ ಮೈ ಸಿಗ್ತಿತ್ತು, ಕಾರ್ಬನ್‌ಗೆ ಆ ಭಾಗ್ಯ ಇಲ್ಲ, ಹೊಸ ಮೈ ನಾವೇ ಮಾಡ್ಬೇಕು. ಪಾಲಿಶ್ ಪ್ಯಾಡ್ ಮೇಲೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ತೆಳ್ಳಗೆ ಕಲಸಿ. ಎಲೆಕ್ಟ್ರೋಡ್ ನೆಟ್ಟಗೆ ಹಿಡ್ಕೊಂಡು, ಒತ್ತದೆ, 8ರ ಆಕಾರದಲ್ಲಿ ಎರಡ್ಮೂರು ನಿಮಿಷ ತಿರುಗಿಸಿ, ಒಂದೇ ದಿಕ್ಕಿಗೆ ಉಜ್ಜಿದ್ರೆ ಒಂದು ಕಡೆ ಸವೆದು ಗೀರು ಬೀಳುತ್ತೆ. ಪುಡಿಯ ಕಣದ ಸೈಜ್ ಮೊದ್ಲು 1 ಮೈಕ್ರಾನ್, ಆಮೇಲೆ 0.3, ಕೊನೆಗೆ 0.05. ಒಂದೊಂದಕ್ಕೂ ಬೇರೆ ಪ್ಯಾಡ್, ನಡುವೆ ಚೆನ್ನಾಗಿ ತೊಳೀರಿ, ದಪ್ಪ ಕಣ ಒಂದು ಮುಂದಿನ ಪ್ಯಾಡ್‌ಗೆ ಹೋದ್ರೂ ಪಟ್ಟ ಕಷ್ಟ ನೀರುಪಾಲು. ಕೊನೆಗೆ ಒಂದೆರಡು ನಿಮಿಷ, ಶಬ್ದದ ಅಲೆಗಳಿಂದ ನೀರು ಅದುರಿಸಿ ತೊಳೆಯೋ ಸೋನಿಕೇಟರ್‌ನಲ್ಲಿಡಿ, ಇಲ್ದಿದ್ರೆ ಅಲ್ಯೂಮಿನಾ ಅಂಟ್ಕೊಂಡೇ ಇರುತ್ತೆ. ಬೆರಳು ತಾಗಿಸ್ಬೇಡಿ. ಟೂತ್‌ಪೇಸ್ಟ್, ಎಮರಿ ಪೇಪರ್ ಹತ್ರಾನೂ ತರಬೇಡಿ, ಕಣದ ಸೈಜ್ ಬರೀದೇ ಅಗ್ಗಕ್ಕೆ ಮಾರೋ ಪುಡಿನೂ ತಗೋಬೇಡಿ.

ಕನ್ನಡಿ ಥರ ಹೊಳೀತು ಅಂತ ನಂಬ್ಬೇಡಿ, ಟೆಸ್ಟ್ ಮಾಡಿ. 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ 1 ಮಿಲಿಮೋಲಾರ್ ಫೆರಿಸಯನೈಡ್ ಹಾಕಿ, ಸೆಕೆಂಡಿಗೆ 50 ಮಿಲಿವೋಲ್ಟ್‌ನಂತೆ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಒಂದು ಕಡೆಗೆ ಏರಿಸಿ ಮತ್ತೆ ವಾಪಸ್ ತರೋದು) ಓಡಿಸಿ. ಎರಡು ಪೀಕ್ ನಡುವೆ ಥಿಯರಿ ಪ್ರಕಾರ ಸುಮಾರು 59 ಮಿಲಿವೋಲ್ಟ್ ಇರ್ಬೇಕು, 80ರವರೆಗೆ ನಾನು ಒಪ್ತೀನಿ, 100 ದಾಟಿದ್ರೆ ಮತ್ತೆ ಪ್ಯಾಡ್‌ಗೆ ಹೋಗಿ. ಎರಡೂ ಪೀಕ್‌ನ ಎತ್ತರ ಹೆಚ್ಚುಕಮ್ಮಿ ಸಮ ಇರ್ಬೇಕು.

ಇನ್ನು ಕಾಫಿ. ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್ ಸೋಸಿ, ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ತೆಳು ಮಾಡಿ ಡಿಫರೆನ್ಷಿಯಲ್ ಪಲ್ಸ್ ವೋಲ್ಟಾಮೆಟ್ರಿ (ವೋಲ್ಟೇಜನ್ನ ಸಣ್ಣ ಸಣ್ಣ ಪಲ್ಸ್‌ಗಳಲ್ಲಿ ಕೊಡೋದು) ಓಡಿಸಿ. ಕೆಫೀನ್ ಪೀಕ್ ಸುಮಾರು 1.4 ವೋಲ್ಟ್ ಹತ್ರ ಬರುತ್ತೆ, ಅದಕ್ಕಿಂತ ತುಂಬಾ ಮೊದ್ಲೇ ಕಾಣೋದು ಕಾಫಿಯಲ್ಲೇ ಇರೋ ಕ್ಲೋರೋಜೆನಿಕ್ ಆಸಿಡ್‌ನಂಥವು, ಅದನ್ನ ನೋಡಿ ಕೆಫೀನ್ ಸಿಕ್ತು ಅಂತ ಬರ್ಕೋಬೇಡಿ. ಲೆಕ್ಕಕ್ಕೆ ಸ್ಟ್ಯಾಂಡರ್ಡ್ ಅಡಿಷನ್ನೇ ಮಾಡಿ, ಅಂದ್ರೆ ಅದೇ ಸ್ಯಾಂಪಲ್‌ಗೆ ಗೊತ್ತಿರೋ ಅಳತೆಯ ಕೆಫೀನ್ ಸೇರಿಸಿ ಪೀಕ್ ಎಷ್ಟು ಏರ್ತು ನೋಡಿ, ಕಾಫಿಯಲ್ಲಿರೋ ಬೇರೆ ಪದಾರ್ಥಗಳು ಪೀಕ್ ಎತ್ತರ ಬದಲಾಯಿಸ್ತವೆ. ಪ್ರತಿ ಸ್ಕ್ಯಾನ್ ಆದ್ಮೇಲೂ ಆಕ್ಸಿಡೈಸ್ ಆಗಿದ್ದು ಕಾರ್ಬನ್ ಮೈಗೆ ಕೂತಿರುತ್ತೆ, ಹಾಗಾಗಿ ಮುಂದಿನ ರೀಡಿಂಗ್‌ಗೆ ಮುಂಚೆ ಮತ್ತೆ 0.05ರ ಪ್ಯಾಡ್ ಮೇಲೆ ಒಂದು ನಿಮಿಷ.