ರಂಗೋಲಿ ಸ್ಪರ್ಧೆಗಿಂತ ಮೊದಲು ಸಂಬಳದ ಚೀಟಿ

ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ವೆಲ್ಫೇರ್ ಆಫೀಸರ್. ಸೇರಿದಾಗ ಹೆಡ್ ಆಫೀಸಿನವರು ಕೊಟ್ಟ ಮೊದಲ ಕೆಲಸ ‘ಎಂಗೇಜ್‌ಮೆಂಟ್ ಕ್ಯಾಲೆಂಡರ್’ ಮಾಡುವುದು, ಅಂದರೆ ಕಾರ್ಮಿಕರು ಖುಷಿಯಾಗಿ ಕೆಲಸದಲ್ಲಿ ಉಳಿಯಲಿ ಅಂತ ನಡೆಸುವ ಕಾರ್ಯಕ್ರಮಗಳ ಪಟ್ಟಿ. ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆ, ನವೆಂಬರ್‌ನಲ್ಲಿ ರಾಜ್ಯೋತ್ಸವ, ತಿಂಗಳಿಗೊಬ್ಬ ‘ಉತ್ತಮ ಟೈಲರ್’. ಇದೆಲ್ಲ ಬೇಡ ಅಂತಲ್ಲ. ಆಯುಧಪೂಜೆಯ ದಿನ ಮಷಿನ್‌ಗೆ ಹೂ ಮುಡಿಸಿ, ಹೊಸ ಸೀರೆಯಲ್ಲಿ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಖುಷಿಯೇ ಬೇರೆ. ಆದರೆ ಹಾಗೆ ಫೋಟೊ ತೆಗೆಸಿಕೊಂಡವರೇ ಮುಂದಿನ ತಿಂಗಳು ಬೇರೆ ಫ್ಯಾಕ್ಟರಿ ಸೇರಿರುತ್ತಿದ್ದರು.

ಯಾಕೆ ಬಿಡ್ತಾರೆ? ರಾಜೀನಾಮೆ ಫಾರಂ ನೋಡಿದರೆ ಎಲ್ಲದರಲ್ಲೂ ‘ಮನೆ ಸಮಸ್ಯೆ’ ಅಂತಲೇ ಇತ್ತು. ಅದನ್ನು ತುಂಬುತ್ತಿದ್ದವರು ನಮ್ಮ ಆಫೀಸಿನವರೇ ಅಲ್ವಾ! ಹಾಗಾಗಿ ಫಾರಂ ಪಕ್ಕಕ್ಕಿಟ್ಟು, ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಅವರ ಜೊತೆ ಕೂರಲು ಶುರು ಮಾಡಿದೆ. ಮತ್ತೆ ಮತ್ತೆ ಬಂದ ಮಾತು ಮೂರೇ: ಸೂಪರ್‌ವೈಸರ್ ಬೈಗುಳ, ರಜೆ, ಪಿಎಫ್ (ಸಂಬಳದಿಂದ ಒಂದು ಪಾಲು, ಮಾಲೀಕರಿಂದ ಒಂದು ಪಾಲು ಕಟ್ಟುವ ಭವಿಷ್ಯ ನಿಧಿ).

ಇಲ್ಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಏನು ಅಂತ 2016ರ ಏಪ್ರಿಲ್‌ನಲ್ಲಿ ದೇಶವೇ ನೋಡಿತು. ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಸಾವಿರಾರು ಜನ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಮಗಳ ಕಾಲೇಜು ಫೀಸು, ಕೈಸಾಲ, ಎಲ್ಲದಕ್ಕೂ ಇದೇ ದುಡ್ಡು. ಕೆಲಸ ಬಿಟ್ಟರೆ ಮಾತ್ರ ಅದು ಕೈಗೆ ಸಿಗುತ್ತದೆ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದರು. ಅದಕ್ಕೇ ಬಿಡುತ್ತಿದ್ದರು! ಕೆಲಸದಲ್ಲಿದ್ದುಕೊಂಡೇ ಕಾಯಿಲೆಯಂಥ ಖರ್ಚಿಗೆ ಅಡ್ವಾನ್ಸ್ ತೆಗೆಯಬಹುದು ಅಂತ ಯಾರೂ ಹೇಳಿರಲಿಲ್ಲ. ಗೊತ್ತಿದ್ದವರಿಗೂ ಅರ್ಜಿ ತಿರಸ್ಕಾರ ಆಗುತ್ತಿತ್ತು. ಆಧಾರ್‌ನಲ್ಲಿ ಹೆಸರಿಗೆ ಒಂದು ಸ್ಪೆಲ್ಲಿಂಗ್, ಪಿಎಫ್‌ನಲ್ಲಿ ಇನ್ನೊಂದು. ಹುಟ್ಟಿದ ದಿನ ಯಾರೋ ಅಂದಾಜಿಗೆ ಬರೆದ ಜನವರಿ 1.

ಸಂಬಳದ ಚೀಟಿಯಲ್ಲಿ ಯಾವುದಕ್ಕೆ ಎಷ್ಟು ಹಿಡಿದಿದ್ದಾರೆ ಅಂತ ಯಾರು ಬೇಕಾದರೂ ಕೇಳಲಿ ಅಂತ, ಸಂಬಳ ಬಿದ್ದ ಮಾರನೇ ದಿನ ಪಂಚಿಂಗ್ ಗೇಟ್ ಹತ್ತಿರ ಒಂದು ಟೇಬಲ್ ಹಾಕಿಸಿದೆ. ಆಫೀಸಿಗೇ ಬನ್ನಿ ಅಂದರೆ ಬರೋದಿಲ್ಲ. ಲೈನ್ ಬಿಟ್ಟು ಏಳೋಕೆ ಸೂಪರ್‌ವೈಸರ್ ಒಪ್ಪಬೇಕು, ಎದ್ದರೆ ಪೀಸ್ ನಿಲ್ಲುತ್ತದೆ. ಗೇಟಿನಲ್ಲಾದರೆ ಬಸ್ಸಿಗೆ ಹೋಗುವಾಗ ನಿಂತು ಕೇಳುತ್ತಾರೆ. ‘ಸಾರ್, ನಾನು ಆಸ್ಪತ್ರೆಗೇ ಹೋಗಲ್ಲ, ಇಎಸ್‌ಐ ಯಾಕೆ ಹಿಡೀತೀರಾ?’ ಅಂತ ಒಬ್ಬರು ಜೋರಾಗೇ ಕೇಳಿದರು. ಇದು ಕಾರ್ಮಿಕರ ಆರೋಗ್ಯ ವಿಮೆ; ಸಂಬಳದ ಲೆಕ್ಕದಲ್ಲಿ ನಿಮ್ಮಿಂದ ಶೇ 0.75, ಕಂಪನಿಯಿಂದ ಶೇ 3.25 ಹೋಗುತ್ತದೆ; ಮನೆಯವರಿಗೂ ಚಿಕಿತ್ಸೆ ಇದೆ; ಅಗತ್ಯವಿದ್ದಷ್ಟು ದಿನ ಕಂತು ಕಟ್ಟಿದ್ದು, ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಬರುತ್ತದೆ ಅಂದೆ. ಅವರು ಹೋಗಿ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದರು.

ಬೈಗುಳದ ವಿಷಯ ಕಷ್ಟ. ಸೂಪರ್‌ವೈಸರ್‌ಗಳಿಗೆ ‘ಒಳ್ಳೆ ಮಾತಾಡಿ’ ಅಂತ ಟ್ರೇನಿಂಗ್ ಕೊಟ್ಟರೆ ಮಧ್ಯಾಹ್ನದವರೆಗೆ ನೆನಪಿರುತ್ತದೆ. ಗಂಟೆಗಂಟೆಗೂ ಬೋರ್ಡಿನಲ್ಲಿ ಟಾರ್ಗೆಟ್ ಬರೆಯಬೇಕು, ಕಡಿಮೆಯಾದರೆ ಫ್ಲೋರ್ ಇನ್‌ಚಾರ್ಜ್ ಬಂದು ಸೂಪರ್‌ವೈಸರ್‌ನ್ನೇ ಬೈತಾರೆ. ಅದನ್ನು ಅವರು ಟೈಲರ್ ಮೇಲೆ ತೀರಿಸಿಕೊಳ್ಳುತ್ತಾರೆ. ನಾವು ಮಾಡಿದ್ದು ಇಷ್ಟೇ: ಬೋರ್ಡಿನಲ್ಲಿ ‘ಕಾರಣ’ ಅಂತ ಒಂದು ಕಾಲಂ ಸೇರಿಸಿದೆವು. ಮಷಿನ್ ರಿಪೇರಿ, ಕಟಿಂಗ್ ಬಂದಿಲ್ಲ, ದಾರ ಇಲ್ಲ. ಎಷ್ಟೋ ಗಂಟೆಗಳ ನಷ್ಟಕ್ಕೂ ಟೈಲರ್‌ಗೂ ಸಂಬಂಧವೇ ಇಲ್ಲ ಅಂತ ಮ್ಯಾನೇಜರ್‌ಗೆ ಬರವಣಿಗೆಯಲ್ಲೇ ಕಂಡಿತು. ಬೈಗುಳ ಪೂರ್ತಿ ನಿಂತಿಲ್ಲ. ಮೊದಲಿನಷ್ಟಿಲ್ಲ ಅಂತ ಟೈಲರ್‌ಗಳೇ ಹೇಳ್ತಾರೆ.

ವರ್ಕ್ಸ್ ಕಮಿಟಿ, ಅಂದರೆ ಕಾರ್ಮಿಕರು ಮತ್ತು ಮ್ಯಾನೇಜ್‌ಮೆಂಟ್ ಪ್ರತಿನಿಧಿಗಳ ಜಂಟಿ ಸಮಿತಿ, 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ ಇದೆ. ನಮ್ಮಲ್ಲಿ ಅದು ಸುಮ್ನೆ ರಿಜಿಸ್ಟರಿನಲ್ಲಿತ್ತು. ಈಗ ಲೈನ್‌ನವರೇ ತಮ್ಮ ಪ್ರತಿನಿಧಿಯನ್ನು ಆರಿಸುತ್ತಾರೆ. ಸಭೆಯಲ್ಲಿ ಬಂದ ಪ್ರಶ್ನೆ, ಅದರ ಉತ್ತರ ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ‘ಆಗಲ್ಲ’ ಅನ್ನೋ ಉತ್ತರವನ್ನೂ, ಯಾಕೆ ಆಗಲ್ಲ ಅನ್ನೋದನ್ನೂ ಹಾಕುತ್ತೇವೆ. ಒಂದು ದಿನ ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ ಪೂರ್ತಿ ಕತ್ತರಿಸಬೇಡಿ ಅಂತ ಕೇಳಿದ್ದಕ್ಕೆ ಮ್ಯಾನೇಜ್‌ಮೆಂಟ್ ಒಪ್ಪಲಿಲ್ಲ. ಅದನ್ನು ಬೋರ್ಡಿಗೆ ಹಾಕಿದರೆ ಗಲಾಟೆ ಆಗುತ್ತದೆ ಅಂತ ಮೇಲಿನವರು ಹೆದರಿದ್ದರು. ಆಗಲಿಲ್ಲ. ಮುಂದಿನ ಸಭೆಗೆ ಅದೇ ಪ್ರಶ್ನೆ ಮತ್ತೆ ಬಂತು, ಅಷ್ಟೇ.

ಈಗಿನ ತಲೆನೋವು ಹಾಸ್ಟೆಲ್‌ನಲ್ಲಿರುವ ಒಡಿಶಾ, ಜಾರ್ಖಂಡ್‌ನ ಹುಡುಗಿಯರದು. ಕನ್ನಡ ನೋಟಿಸ್ ಅವರಿಗೆ ಓದೋಕೆ ಬರಲ್ಲ. ಹಿಂದಿ, ಒಡಿಯಾದಲ್ಲೂ ಹಾಕ್ತಿದ್ದೇವೆ. ಆದರೆ ಅವರ ದೂರು ಜಾಸ್ತಿ ಹಾಸ್ಟೆಲ್ ಊಟ, ಹೊರಗೆ ಹೋಗುವ ಸಮಯದ ಬಗ್ಗೆ. ಹಾಸ್ಟೆಲ್ ವಾರ್ಡನ್ ನಮ್ಮ ವರ್ಕ್ಸ್ ಕಮಿಟಿಯಲ್ಲಿ ಇಲ್ಲ. ಮುಂದಿನ ಸಭೆಗೆ ಅವರನ್ನೂ ಕೂರಿಸಬೇಕು ಅಂತ ಪತ್ರ ಕೊಟ್ಟಿದ್ದೇನೆ.