ಬಲ್ಬಿನ ಬಿಸಿಗೆ ಉಬ್ಬುವ ನೆಗೆಟಿವ್

ಡಾರ್ಕ್‌ರೂಮಿನಲ್ಲಿ ಫಿಲ್ಮ್ ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ತೆಗೆದಾಗಲೆಲ್ಲ ನನಗೆ ಒಂದೇ ಗೋಳು. ಅಂಚುಗಳಲ್ಲಿ ಗ್ರೇನ್ (ಫಿಲ್ಮಿನ ಬೆಳ್ಳಿಯ ಕಣಗಳು) ಕಾಳುಕಾಳಾಗಿ ಕಾಣುತ್ತಿತ್ತು, ನಡುವೆ ಇರಬೇಕಾದ ಮುಖ ಮಾತ್ರ ಮಸುಕು. ಲೆನ್ಸ್ ಮೇಲೆ ಅನುಮಾನಪಟ್ಟೆ, ನೆಗೆಟಿವ್‌ನ ಬಿಂಬವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನ ಕಂಬ ಅಲುಗುತ್ತದೆಯೇ ಎಂದು ಪರೀಕ್ಷಿಸಿದೆ. ಕೊನೆಗೆ ಒಂದು ರಾತ್ರಿ ಕಾಗದ ಇಡದೆ, ಗ್ರೇನ್ ಫೋಕಸರಿಗೆ (ಬಿಂಬದ ಗ್ರೇನನ್ನು ಹಿಗ್ಗಿಸಿ ತೋರಿಸುವ ಸಾಧನ) ಕಣ್ಣಿಟ್ಟು, ಬಲ್ಬ್ ಉರಿಸಿ ಕಾದು ಕುಳಿತೆ. ಚೂಪಾಗಿದ್ದ ಗ್ರೇನ್ ಇಪ್ಪತ್ತು ಸೆಕೆಂಡಿನೊಳಗೆ ಕಣ್ಣೆದುರೇ ಕರಗಿಹೋಯಿತು.

ಗಾಜಿಲ್ಲದ ಕ್ಯಾರಿಯರ್ (ನೆಗೆಟಿವ್ ಹಿಡಿಯುವ ಚೌಕಟ್ಟು) ಫಿಲ್ಮನ್ನು ಅಂಚಿನಲ್ಲಷ್ಟೇ ಹಿಡಿದಿರುತ್ತದೆ. ಬಲ್ಬಿನ ವಿದ್ಯುತ್ತಿನ ಬಹುಪಾಲು ಬಿಸಿಯಾಗುತ್ತದೆ, ಫಿಲ್ಮಿನ ಕಪ್ಪು ಬೆಳ್ಳಿ ಅದನ್ನು ಹೀರುತ್ತದೆ, ನಡುಭಾಗ ಉಬ್ಬಿ ಫೋಕಸ್‌ನಿಂದ ಆಚೆ ಸರಿಯುತ್ತದೆ. ದಟ್ಟವಾದ ನೆಗೆಟಿವ್‌ಗಳೇ ನನಗೆ ಹೆಚ್ಚು ಕಾಟ ಕೊಟ್ಟದ್ದು ಏಕೆಂದು ಆಗ ಅರ್ಥವಾಯಿತು.

ಮೊದಲು 150 ವಾಟ್ ಬಲ್ಬ್ ತೆಗೆದು 75 ವಾಟಿನದನ್ನು ಹಾಕಿದೆ. ಎಕ್ಸ್‌ಪೋಶರ್, ಅಂದರೆ ಕಾಗದಕ್ಕೆ ಬೆಳಕು ಬೀಳಿಸುವ ಸಮಯ, ಹೆಚ್ಚುಕಡಿಮೆ ಇಮ್ಮಡಿಯಾಯಿತು, ಅದು ತೊಂದರೆಯೇ ಅಲ್ಲ. ಆಮೇಲೆ ಬಲ್ಬಿಗೂ, ಬೆಳಕನ್ನು ನೆಗೆಟಿವ್ ಮೇಲೆ ಕೂಡಿಸುವ ಕಂಡೆನ್ಸರ್ ಲೆನ್ಸಿಗೂ ನಡುವೆ ಶಾಖ ಹೀರುವ ಗಾಜು ಕೂರಿಸಿದೆ. ಮೊದಲನೆಯ ಗಾಜನ್ನು ಚೌಕಟ್ಟಿನಲ್ಲಿ ಬಿಗಿಯಾಗಿ ಸಿಕ್ಕಿಸಿದ್ದರಿಂದ ಅದು ಕಾದು ಸೀಳಿತು. ಹಿಗ್ಗಲು ಸುತ್ತ ಒಂದಿಷ್ಟು ಜಾಗ ಬಿಡಲೇಬೇಕು. ಇನ್ನೊಂದು ಮಾತು: ಬೆಳಕು ಸೋರುತ್ತದೆ ಎಂದು ದೀಪದ ಮನೆಯ (ಬಲ್ಬ್ ಕೂರುವ ಡಬ್ಬಿಯ) ಗಾಳಿಕಂಡಿಗಳಿಗೆ ಬಟ್ಟೆ ಹೊದಿಸಬೇಡಿ. ನಾನು ಎನ್‌ಲಾರ್ಜರಿನ ಹಿಂದಿನ ಗೋಡೆಗೆ ಮಾಸಲು ಕಪ್ಪು ಬಣ್ಣ ಬಳಿದೆ, ಅಷ್ಟೇ ಸಾಕಾಯಿತು.

ಇಷ್ಟಾದರೂ ಉಬ್ಬುವಿಕೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಆದರೆ ಉಬ್ಬಿದ ಫಿಲ್ಮ್ ಒಂದು ಹಂತದಲ್ಲಿ ನೆಲೆಗೊಳ್ಳುತ್ತದೆ. ಅದೇ ನನ್ನ ಕೈ ಹಿಡಿದದ್ದು. ಈಗ ಬಲ್ಬನ್ನು ಒಂದು ನಿಮಿಷ ಉರಿಸಿ, ನೆಗೆಟಿವ್ ಉಬ್ಬಿ ನಿಂತ ಮೇಲೆಯೇ ಫೋಕಸ್ ಮಾಡುತ್ತೇನೆ. ದೀಪ ಆರಿಸುವುದಿಲ್ಲ, ಲೆನ್ಸಿನ ಕೆಳಗೆ ಕೆಂಪು ಫಿಲ್ಟರ್ ತಿರುಗಿಸಿ, ಕೆಂಪು ಬೆಳಕಿಗೆ ಸ್ಪಂದಿಸದ ಕಪ್ಪು-ಬಿಳುಪು ಕಾಗದವನ್ನು ಕೆಳಗಿನ ಕಾಗದದ ಚೌಕಟ್ಟಿಗೆ ಸೇರಿಸುತ್ತೇನೆ. ಫಿಲ್ಟರ್ ಸರಿಸುವಾಗ ಎನ್‌ಲಾರ್ಜರ್ ನಡುಗುತ್ತದೆ, ಆದ್ದರಿಂದ ಮೊದಲು ಕಪ್ಪು ರಟ್ಟನ್ನು ಅಡ್ಡ ಹಿಡಿದು, ಫಿಲ್ಟರ್ ಸರಿಸಿ, ಎರಡು ಮೂರು ಸೆಕೆಂಡ್ ಕಾದು, ರಟ್ಟು ತೆಗೆದು ಮೆಟ್ರೊನೋಮಿನ ಬಡಿತ ಎಣಿಸುತ್ತೇನೆ. ಎಣಿಕೆ ಮುಗಿದೊಡನೆ ಮತ್ತೆ ರಟ್ಟು ಅಡ್ಡ, ಆಮೇಲೆ ಕೆಂಪು ಫಿಲ್ಟರ್. ಲೆನ್ಸಿನ ಬೆಳಕುಕಂಡಿಯನ್ನು ಎಫ್/8ಕ್ಕೆ ಕಿರಿದಾಗಿಸಿದರೆ ಉಳಿದ ಸಣ್ಣ ವ್ಯತ್ಯಾಸವೂ ಕಾಣದು. ಟೆಸ್ಟ್ ಸ್ಟ್ರಿಪ್ಪನ್ನೂ (ಮೊದಲು ಪರೀಕ್ಷೆಗೆಂದು ಮುದ್ರಿಸುವ ಕಾಗದದ ಪಟ್ಟಿ) ಹೀಗೆಯೇ ಮಾಡಬೇಕು: ತಣ್ಣಗಿನ ನೆಗೆಟಿವ್‌ನ ಪಟ್ಟಿ ನೋಡಿ ಚೂಪುತನವನ್ನು ಅಳೆದರೆ ಮೋಸಹೋಗುತ್ತೀರಿ.

ಗಾಜಿನ ಕ್ಯಾರಿಯರ್ ಫಿಲ್ಮನ್ನು ಸಪಾಟಾಗಿ ಹಿಡಿಯುತ್ತದೆ, ನಿಜ. ಆದರೆ ದೂಳು ಕೂರಲು ಇನ್ನೂ ನಾಲ್ಕು ಮೈಗಳು ಸೇರುತ್ತವೆ. ಜೊತೆಗೆ ಫಿಲ್ಮಿನ ಹೊಳೆಯುವ ಬೆನ್ನು ಗಾಜಿಗೆ ತಾಗಿದಲ್ಲಿ ನ್ಯೂಟನ್ ಉಂಗುರಗಳು (ಬಳೆಯಂಥ ಗೆರೆಗಳು) ಮೂಡುತ್ತವೆ. ಅದಕ್ಕೆ ಮೇಲಿನ ಗಾಜು ತುಸು ತರಿಯಾಗಿರಬೇಕು. ತೀರ ದೊಡ್ಡ ಪ್ರಿಂಟಿಗೆ ಮಾತ್ರ ಗಾಜಿನ ಕ್ಯಾರಿಯರ್ ಬಳಸುತ್ತೇನೆ.